ಕಿಟಕಿಗೆ ಅಂಟಿಸಿದ ಎಲೆ

ಜುಲೈ ೧೨, ಶುಕ್ರವಾರ
ಮಧ್ಯಾಹ್ನ ಒಂದೂವರೆ, ಗ್ರಂಥಾಲಯದ ಮಕ್ಕಳ ಕೋಣೆಯಿಂದ

ನನ್ನ ಪುಟ್ಟ ತಂಗಿಗೆ,

ಮೊದಲು ಬೈದುಬಿಡು, ಆಮೇಲೆ ಓದು. ನಿನ್ನ ಕಾಗದ ಬಂದು ಐದು ವಾರ ಆಯಿತು. ನನ್ನ ಮೇಜಿನ ಖಾನೆಯಲ್ಲಿ, ಗೋಂದಿನ ಡಬ್ಬಿಯ ಪಕ್ಕದಲ್ಲೇ ಇದೆ. ಖಾನೆ ಎಳೆದಾಗಲೆಲ್ಲ ನಿನ್ನ ಅಕ್ಷರ ನನ್ನನ್ನು ನೋಡುತ್ತೆ, ನಾನು ತಪ್ಪು ಮಾಡಿದವಳ ಹಾಗೆ ಖಾನೆ ಮುಚ್ಚುತ್ತೇನೆ. ಐವತ್ತೆಂಟು ದಾಟಿದವಳು ತಂಗಿಯ ಅಕ್ಷರಕ್ಕೆ ಹೆದರುವ ಕಾಲ ಬಂತು ನೋಡು.

ಎಡಗಿವಿಗೆ ಹಾಕಿದ ಯಂತ್ರ ಹೇಗಿದೆ? ಪಾತ್ರೆ ಸದ್ದು, ಗಾಳಿ ಸದ್ದು ಎಲ್ಲ ಒಂದೇ ಸಲ ನುಗ್ಗುತ್ತೆ, ತಲೆ ಸಿಡಿಯುತ್ತೆ ಅಂತ ಬರೆದಿದ್ದೆ. ಒಂದು ತಿಂಗಳು ಹಟ ಹಿಡಿದು ಹಾಕಿಕೋ. ಬಿಚ್ಚಿ ಬೀರುವಿನಲ್ಲಿಡಬೇಡ. ಫೋನಿನಲ್ಲಿ ನಿನಗೆ ಅರ್ಧ ಕೇಳಿಸುತ್ತೆ, ಉಳಿದ ಅರ್ಧಕ್ಕೆ "ಹೂಂ ಹೂಂ" ಅಂತೀಯ. ಅದಕ್ಕೇ ನಾವಿಬ್ಬರೂ ಇನ್ನೂ ಕಾಗದದಲ್ಲೇ ಮಾತಾಡುತ್ತಿದ್ದೇವೆ. ಯಂತ್ರ ಒಗ್ಗಿಬಿಟ್ಟರೆ ಒಂದು ದಿನ ಫೋನು ಮಾಡಿ ನಿನ್ನ ಜೊತೆ ಜಗಳ ಆಡಬೇಕು ಅಂತ ನನಗೆ ಆಸೆ.

ಮೂಲೆಮನೆ ಅತ್ತೆ ತೀರಿಕೊಂಡು, ಬರುವ ತಿಂಗಳಿಗೆ ವರ್ಷ. ಅವರ ಮನೆಗೆ ಬೇರೆ ಯಾರೋ ಬಂದಿದ್ದಾರೆ, ಬಾಗಿಲಿಗೆ ನೀಲಿ ಬಣ್ಣ ಹೊಡೆಸಿದ್ದಾರೆ. ಆ ಹೆಸರೆತ್ತಿದರೆ ನಿನಗಾಗುವುದಿಲ್ಲ, ಇಷ್ಟಕ್ಕೇ ಬಿಡುತ್ತೇನೆ.

"ಪುಸ್ತಕ ಕೊಡೋದು, ವಾಪಸು ತಗೊಳ್ಳೋದು, ಅದರಲ್ಲಿ ದೊಡ್ಡತ್ತೆಗೆ ಏನು ದಣಿವು" ಅಂತ ನಿನ್ನ ಸೊಸೆ ಕೇಳಿದಳಂತೆ. ಅವಳಿಗೆ ಓದಿ ಹೇಳು. ಈ ವಾರ ಒಬ್ಬ ಪುಣ್ಯಾತ್ಮ ಪ್ರಾಣಿಗಳ ಪುಸ್ತಕದಲ್ಲಿ ಗುರುತಿಗೆ ಅಂತ ಬಿಸ್ಕತ್ತು ಇಟ್ಟು ಹೋಗಿದ್ದ. ಮರುದಿನ ಆ ಸಾಲಿಗೆಲ್ಲ ಇರುವೆ. ಇನ್ನೊಂದು ಮಗು ನಕ್ಷತ್ರಗಳ ಪುಸ್ತಕದ ಕೆಳಗಿನ ಕಪಾಟಿಗೆ ತೂರಿ ನಿದ್ದೆ ಹೋಯಿತು, ಅದರಮ್ಮ ರಸ್ತೆಯೆಲ್ಲ ಹುಡುಕಿ ಅತ್ತು ಬಂದಳು. ನನ್ನ ಮೇಜಿನ ಕೆಳಗೆ ಮೂರು ಚಪ್ಪಲಿ ಉಳಿದಿವೆ, ಮೂರೂ ಎಡಗಾಲಿನದು. "ಐದೇ ನಿಮಿಷ ನೋಡ್ಕೊಳ್ಳಿ" ಅಂತ ಮಕ್ಕಳನ್ನು ಬಿಟ್ಟುಹೋಗುತ್ತಾರೆ, ಆ ಐದು ನಿಮಿಷ ಬಾಗಿಲು ಹಾಕುವ ಹೊತ್ತಿಗೆ ಮುಗಿಯುತ್ತೆ. ಮಕ್ಕಳು ನನಗಿಟ್ಟ ಹೆಸರು 'ಶ್ಶ್ ಅಜ್ಜಿ'. ನಾನು "ಶ್ಶ್" ಅಂದ ಕೂಡಲೇ ಇಪ್ಪತ್ತು ಬಾಯಿ ಒಟ್ಟಿಗೆ "ಶ್ಶ್" ಅನ್ನುತ್ತವೆ. ಕೋಣೆಯ ಗಲಾಟೆಯಲ್ಲಿ ಅರ್ಧ ಅದೇ.

ಹೊಸ ಮೇಡಂ ಬಂದಿದ್ದಾರೆ, ಇಡೀ ಗ್ರಂಥಾಲಯಕ್ಕೆ ಮುಖ್ಯಸ್ಥೆ. ನನ್ನ ಮಗಳ ವಯಸ್ಸು. ಕೈಯಲ್ಲಿ ಸದಾ ನಿಯಮದ ಪುಸ್ತಕ. ಸಂಜೆ ಸಂಜೆ ಲೆಕ್ಕ ಬರೆಯಬೇಕು: ಬಂದ ಮಕ್ಕಳೆಷ್ಟು, ಹೋದ ಪುಸ್ತಕವೆಷ್ಟು. "ನಕ್ಕ ಮಕ್ಕಳೆಷ್ಟು ಅಂತ ಬರೆಯೋಕೆ ಜಾಗ ಇಲ್ಲವಲ್ಲ ಮೇಡಂ" ಅಂದೆ. ಅವರಿಗೆ ನಗು ಬರಲಿಲ್ಲ. ಮೇಲಿನ ಅಧಿಕಾರಿಗಳು ನೋಡಲು ಬರುತ್ತಾರೆ, ರಸ್ತೆ ಕಡೆಯ ಕಿಟಕಿಯನ್ನು ಚೆನ್ನಾಗಿ ಅಲಂಕಾರ ಮಾಡಿ ಅಂದರು.

ಅಲ್ಲಿಂದಲೇ ಎಲ್ಲ ಶುರು. ಇಷ್ಟು ಹೊತ್ತು ಸುತ್ತಿ ಬಳಸಿ ಬರೆದದ್ದು ಇದನ್ನು ಬರೆಯಲು ಕೈ ಬಾರದೆ.

ನಮ್ಮಲ್ಲೊಂದು ಪದ್ಧತಿ ಇದೆ, ನಾನೇ ಮಾಡಿದ್ದು. ಹತ್ತು ಪುಸ್ತಕ ಓದಿದ ಮಗುವಿಗೆ ಹಸಿರು ಕಾಗದದ ಒಂದು ಎಲೆ. ಎಲೆ ಮೇಲೆ ಹೆಸರು, ಓದಿದ ಪುಸ್ತಕದ ಸಂಖ್ಯೆ. ಗೋಡೆಯಲ್ಲಿ ಬರೆದ ಮರಕ್ಕೆ ಅದನ್ನು ಅಂಟಿಸುವುದು. ಎಲೆಗೋಸ್ಕರ ಓದುವ ಮಕ್ಕಳಿದ್ದಾರೆ, ಓದದೆ ಓದಿದೆ ಅನ್ನುವ ಮಕ್ಕಳೂ ಇದ್ದಾರೆ. ಎಲೆ ಬೇಡ ಅಂದವಳು ಒಬ್ಬಳೇ.

ಅವಳ ಹೆಸರನ್ನು ಈ ಕಾಗದದಲ್ಲೂ ಬರೆಯುವುದಿಲ್ಲ, ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ. ನಾನು ಅವಳನ್ನು 'ಕೊನೆಪುಟ' ಅಂತ ಕರೆಯುವುದು. ಒಂಬತ್ತು ವರ್ಷ. ಯಾವ ಪುಸ್ತಕ ತೆಗೆದರೂ ಮೊದಲು ಕೊನೆಯ ಪುಟ ಓದುತ್ತಾಳೆ. ಎಲ್ಲರೂ ಕ್ಷೇಮವಾಗಿ ಮನೆ ಸೇರಿದರು ಅಂತ ಖಾತ್ರಿಯಾದರೆ ಮಾತ್ರ ಮನೆಗೆ ಒಯ್ಯುತ್ತಾಳೆ. ಶಾಲೆ ಬಿಟ್ಟು ನೇರ ಇಲ್ಲಿಗೆ ಬರುವುದು, ಆರೂವರೆಗೆ ಅಮ್ಮ ಬಂದು ಕರೆದುಕೊಂಡು ಹೋಗುವುದು. ಅಮ್ಮ ಎರಡು ರಸ್ತೆ ಆಚೆ ಒಂದು ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಆರು ತಿಂಗಳ ಹಿಂದೆ ಸದಸ್ಯತ್ವದ ಅರ್ಜಿ ತುಂಬುವಾಗ ಆ ತಾಯಿ ಪೆನ್ನು ಹಿಡಿದುಕೊಂಡು, ಈ ಕಾಗದವನ್ನು ಯಾರ್‍ಯಾರು ನೋಡುತ್ತಾರೆ ಅಂತ ಕೇಳಿದಳು. ನಾನೊಬ್ಬಳೇ, ಬೀರುವಿಗೆ ಬೀಗ ಇದೆ, ಬೀಗದ ಕೈ ನನ್ನ ಸೊಂಟದಲ್ಲಿದೆ ಅಂತ ಧೈರ್ಯ ಹೇಳಿದ್ದೆ.

ಹುಡುಗಿಯ ಲೆಕ್ಕ ನಲವತ್ತಕ್ಕೆ ಮುಟ್ಟಿತು. ನಲವತ್ತು. ನಮ್ಮಲ್ಲಿ ಯಾರೂ ಅಷ್ಟು ಓದಿಲ್ಲ. "ನಂಗೆ ಎಲೆ ಬೇಡ ಅಜ್ಜಿ" ಅಂದಳು. ನಾಚಿಕೆ ಅಂದುಕೊಂಡೆ. ಎಲ್ಲಕ್ಕಿಂತ ದೊಡ್ಡ ಎಲೆ ಕತ್ತರಿಸಿ, ನನ್ನ ದುಂಡು ಅಕ್ಷರದಲ್ಲಿ ಅವಳ ಪೂರ್ತಿ ಹೆಸರು ಬರೆದು, ರಸ್ತೆಗೆ ಕಾಣುವ ಹಾಗೆ ಕಿಟಕಿಯ ಗಾಜಿಗೆ ಅಂಟಿಸಿದೆ.

ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ, ಮಕ್ಕಳೆಲ್ಲ ಶಾಲೆಯಲ್ಲಿದ್ದ ಹೊತ್ತಿಗೆ, ಒಬ್ಬರು ಬಂದರು. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ಒಳಗೆ ಬರುವಾಗ ನೆಲದಲ್ಲಿ ಬಿದ್ದಿದ್ದ ಚಿತ್ರಪುಸ್ತಕ ಎತ್ತಿ, ಧೂಳು ಒರೆಸಿ, ಸರಿಯಾದ ಸಾಲಿನಲ್ಲೇ ಇಟ್ಟರು. ನನಗೆ ಅಷ್ಟು ಸಾಕಾಯಿತು ನೋಡು. ಕಿಟಕಿ ಬಹಳ ಚೆನ್ನಾಗಿದೆ, ಅಕ್ಷರ ಯಾರದು ಅಂತ ಕೇಳಿದರು. ನಲವತ್ತು ಓದಿದ ಆ ಮಗು ದಿನಾ ಬರುತ್ತಾಳಾ ಅಂದರು. ನಾನು ಮೊಮ್ಮಗಳ ವಿಚಾರ ಹೇಳುವ ಹಾಗೆ ಹೇಳಿದೆ. ನಾಲ್ಕಕ್ಕೆ ಬರುತ್ತಾಳೆ, ಕಿಟಕಿ ಪಕ್ಕದ ಕೆಂಪು ಕುರ್ಚಿಯಲ್ಲೇ ಕೂರುತ್ತಾಳೆ, ಆರೂವರೆಗೆ ಅಮ್ಮ ಬರುತ್ತಾಳೆ. ಎಲ್ಲ ಹೇಳಿ ಮುಗಿಸಿದ ಮೇಲೆ ಅವರು, "ನಾನು ಅವಳ ಅಪ್ಪ. ಊರಲ್ಲಿ ಇರಲಿಲ್ಲ. ನಾಳೆ ಬರ್ತೀನಿ, ಮೊದಲೇ ಹೇಳ್ಬೇಡಿ, ಖುಷಿ ಹಾಳಾಗುತ್ತೆ" ಅಂದರು. ನಾನೂ ನಕ್ಕೆ. ನಿನ್ನೆ ಸಂಜೆಯೆಲ್ಲ ಹುಡುಗಿಯನ್ನು ನೋಡಿ ಒಳಗೊಳಗೇ ಖುಷಿಪಡುತ್ತಾ ಕೂತಿದ್ದೆ.

ಆರೂವರೆಗೆ ಅವಳಮ್ಮ ಬಂದಳು. ಯಾವತ್ತಿನ ಹಾಗೆ ಬಾಗಿಲಲ್ಲಿ ನಿಂತು, ಮಗಳ ಕೈ ಹಿಡಿಯುವ ಮೊದಲು ರಸ್ತೆಯ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಆರು ತಿಂಗಳಿಂದ ನೋಡಿದ್ದೇನೆ. ರಸ್ತೆ ದಾಟಲು ನೋಡುತ್ತಾಳೆ ಅಂದುಕೊಂಡಿದ್ದೆ. ಅವರು ರಸ್ತೆ ದಾಟುವುದೇ ಇಲ್ಲ ಕಣೆ. ಗೇಟಿನಿಂದ ಇಳಿದು ಗೋಡೆ ಪಕ್ಕದಲ್ಲೇ ನಡೆದು ಹೋಗುತ್ತಾರೆ.

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಒಂದು ಮಗು ಬಣ್ಣದ ನೀರು ಚೆಲ್ಲಿಕೊಂಡು ಅಳುತ್ತಾ ಬಂತು. ಅದು ನೆಪ. ಇನ್ನೂ ಎರಡು ನಿಮಿಷ ತಾಯಿ ಮಗಳು ಬಾಗಿಲಲ್ಲೇ ಇದ್ದರು.

ಈಗ ಎರಡು ಗಂಟೆ. ನಾಲ್ಕಕ್ಕೆ ಮಗು ಬರುತ್ತೆ, ಅವರೂ ಬರುತ್ತಾರೆ. ಒಳ್ಳೆಯ ಅಪ್ಪನೇ ಇರಬಹುದು. ಆದರೆ ಊಟದ ಡಬ್ಬಿ ತೆರೆದವಳು ಹಾಗೇ ಮುಚ್ಚಿದ್ದೇನೆ. ಗೇಟಿನಣ್ಣ ಅಂಚೆ ಕಡೆ ಹೊರಟಿದ್ದಾನೆ, ಇದನ್ನು ಅವನ ಕೈಗೆ ಕೊಡುತ್ತೇನೆ.

ನೀನು ಚೆನ್ನಾಗಿರು. ಯಂತ್ರ ಬಿಚ್ಚಬೇಡ.

ನಿನ್ನ ಅಕ್ಕ


ಜುಲೈ ೧೭, ಬುಧವಾರ

ತಂಗೀ,

ಹೋದ ಕಾಗದ ಅರ್ಧದಲ್ಲಿ ಬಿಟ್ಟು ನಿನ್ನನ್ನೂ ಕಾಯಿಸಿದೆ. ಕೂತು ಓದು.

ಅವತ್ತು ಹುಡುಗಿ ನಾಲ್ಕಕ್ಕೆ ಕಾಲು ಗಂಟೆ ಇರುವಾಗಲೇ ಬಂದಳು. ಕೆಂಪು ಕುರ್ಚಿಗೆ ಹೋಗುವ ಮುಂಚೆ ಕೈ ಹಿಡಿದು, ನಿನ್ನಪ್ಪ ಬಂದಿದ್ದರು ಅಂತ ಮೆಲ್ಲಗೆ ಹೇಳಿದೆ. ಅವಳು ಅಳಲಿಲ್ಲ. "ಗಡಿಯಾರ ಯಾವ ಕೈಗೆ ಕಟ್ಟಿದ್ರು?" ಅಂದಳು. ಬಲಗೈಗೆ ಅಂದೆ. ಕೈಯಲ್ಲಿದ್ದ ಪುಸ್ತಕವನ್ನು ಕಪಾಟಿನಲ್ಲಿ ಅದರ ಜಾಗದಲ್ಲೇ ಇಟ್ಟಳು, ಬೆನ್ನು ಸರಿಮಾಡಿದಳು, ಆಮೇಲೆ ತಿರುಗಿ ಕೇಳಿದಳು.

"ಅಜ್ಜಿ, ಇಲ್ಲಿ ಹಿಂದುಗಡೆ ಬಾಗಿಲಿದ್ಯಾ?"

ಒಂಬತ್ತು ವರ್ಷದ ಮಗು ಕೇಳುವ ಮಾತಾ ಅದು? ಅವಳನ್ನು ಹಿಂದಿನ ರಿಪೇರಿ ಕೋಣೆಯಲ್ಲಿ ಕೂರಿಸಿದೆ. ಗೊತ್ತಲ್ಲ, ಏಳನೇ ತರಗತಿಗೆ ಶಾಲೆ ಬಿಟ್ಟ ನಾನು ಮೊದಲು ಕೆಲಸಕ್ಕೆ ಸೇರಿದ್ದೇ ಆ ಕೋಣೆಯಲ್ಲಿ. ಹರಿದ ಪುಟ ಅಂಟಿಸುತ್ತಾ ಅಂಟಿಸುತ್ತಾ ಓದಿಕೊಂಡದ್ದೂ ಅಲ್ಲೇ. ಓಡಿಬಂದು ಕಿಟಕಿಯ ಎಲೆ ಕಿತ್ತೆ, ಒಯ್ದು ಅವಳ ಕೈಗಿಟ್ಟೆ. ಮಡಿಸದೆ, ಚೀಲದಲ್ಲಿದ್ದ ನಮ್ಮದೇ ಎರಡು ಪುಸ್ತಕಗಳ ಪೈಕಿ ಒಂದರೊಳಗೆ ಇಟ್ಟುಕೊಂಡಳು. ಗೇಟಿನಣ್ಣನನ್ನು ಸೈಕಲ್ಲಿನಲ್ಲಿ ಲಾಂಡ್ರಿಗೆ ಓಡಿಸಿದೆ. "ಏನಂತ ಹೇಳ್ಲಿ ಅಕ್ಕಾ" ಅಂದ. "ಹಿಂದಿನ ಬಾಗಿಲಿಗೆ ಬರಲಿ ಅಂತ ಹೇಳು, ಅವಳಿಗೆ ಅರ್ಥ ಆಗುತ್ತೆ" ಅಂದೆ.

ಸರಿಯಾಗಿ ನಾಲ್ಕಕ್ಕೆ ಅವರು ಬಂದರು. ಮಕ್ಕಳ ಕುರ್ಚಿ ಎಷ್ಟು ಕುಳ್ಳು ಅಂತ ನೋಡಿದ್ದೀಯ. ಅದರಲ್ಲೇ ಕೂತರು, ಮೊಣಕಾಲು ಎದೆಗೆ ಬಂದಿತ್ತು. ಒಂದು ಚಿತ್ರಪುಸ್ತಕ ಬಿಡಿಸಿ ಹಿಡಿದುಕೊಂಡರು. ಪುಟ ತಿರುಗಿಸಲಿಲ್ಲ. ಶುಕ್ರವಾರ ನಾಲ್ಕೂಕಾಲಿಗೆ ನನ್ನ ಕಥೆ ಹೇಳುವ ಹೊತ್ತು. ಇಪ್ಪತ್ತೆರಡು ಮಕ್ಕಳು ಚಾಪೆಯ ಮೇಲೆ ಕೂತು ಬಾಯಿ ಬಿಟ್ಟುಕೊಂಡು ಕಾಯುತ್ತಿವೆ. ಆನೆಮರಿಯ ಕಥೆ ಶುರುಮಾಡಿದೆ. ನೂರು ಸಲ ಹೇಳಿದ ಕಥೆ, ಅವತ್ತು ನನ್ನ ಆನೆಮರಿ ನೀರು ಕುಡಿಯಲು ಹೋದದ್ದು ವಾಪಸು ಬರಲೇ ಇಲ್ಲ. ಮುಂದೇನಾಯಿತು ಅಂತ ನನಗೇ ಮರೆತುಹೋಯಿತು. "ಆಮೇಲೆ, ಆಮೇಲೆ" ಅಂತ ಮಕ್ಕಳು ಪೀಡಿಸುತ್ತಿದ್ದರೆ, ಹಿಂದಿನ ಕೋಣೆಯಲ್ಲಿ ಕುರ್ಚಿ ಕಿರುಗುಟ್ಟಿತು. ಅವರು ತಲೆ ಎತ್ತಿದರು. ನಾನು ಜೋರಾಗಿ ಆನೆಯ ಹಾಗೆ ಘೀಳಿಟ್ಟೆ. ಮಕ್ಕಳೆಲ್ಲ ಘೀಳಿಟ್ಟವು. ನಿಯಮದ ಪುಸ್ತಕದ ಮೇಡಂ ಓಡಿ ಬಂದು ಬಾಗಿಲಲ್ಲಿ ನಿಂತರು. ಇಡೀ ಜೀವಮಾನ "ಶ್ಶ್" ಅಂದವಳು ಅವತ್ತು "ಇನ್ನೂ ಜೋರಾಗಿ" ಅಂದೆ.

ಕಥೆ ಮುಗಿಸಿ ನೀರು ಕುಡಿಯುವ ನೆಪದಲ್ಲಿ ಹಿಂದೆ ಹೋದೆ. ತಾಯಿ ಬಂದಾಗಿತ್ತು. ಪುಸ್ತಕದ ಗಾಡಿ ನಿಲ್ಲುವ ಬಾಗಿಲಲ್ಲಿ, ಕೈಯಲ್ಲಿ ಇನ್ನೂ ಇಸ್ತ್ರಿಯ ಕಾವು ಆರದೆ, ಮಗಳನ್ನು ಸೊಂಟಕ್ಕೆ ಅವಚಿಕೊಂಡು ನಿಂತಿದ್ದಳು. ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಬೀಗ ಇದೆ ಅಂದಿದ್ರಿ" ಅಂದಳು. ಅಷ್ಟೇ. ಮಗಳನ್ನು ಕರೆದುಕೊಂಡು ಹೋದಳು.

ಆರೂವರೆಯ ತನಕ ಅವರು ಕೂತಿದ್ದರು. ಹೋಗುವಾಗ ಕುರ್ಚಿಯನ್ನು ಸಾಲಿಗೆ ಸರಿಯಾಗಿ ಜೋಡಿಸಿ, ಕಿಟಕಿಯ ಖಾಲಿ ಜಾಗ ನೋಡಿ, "ಒಂದು ಎಲೆ ಉದುರಿದೆಯಲ್ಲ" ಅಂದರು. ನಗುತ್ತಲೇ ಅಂದರು.

ಅವತ್ತಿನಿಂದ ತಾಯಿ ಮಗಳ ಸುದ್ದಿ ಇಲ್ಲ. ಲಾಂಡ್ರಿಗೆ ಬಂದಿಲ್ಲ, ಶಾಲೆಗೂ ಇಲ್ಲ. ಆ ಅಪ್ಪ ಮಾತ್ರ ದಿನಾ ನಾಲ್ಕಕ್ಕೆ ಬಂದು ಕೂರುತ್ತಾರೆ. ಮೇಡಂ ಹತ್ತಿರ ಹೋಗಿ, ನಾನು ತಂದೆ, ನನ್ನ ಮಗುವಿನ ಅರ್ಜಿ ನೋಡುವ ಹಕ್ಕು ನನಗಿಲ್ಲವೇ ಅಂತ ಕೇಳಿದ್ದಾರೆ. ಶುಕ್ರವಾರದೊಳಗೆ ಅರ್ಜಿ ತಮ್ಮ ಮೇಜಿಗೆ ಬರಬೇಕು ಅಂತ ಮೇಡಂ ಹೇಳಿಕಳಿಸಿದರು. ಆ ಅರ್ಜಿಯಲ್ಲಿ ಜಾಮೀನಿಗೆ ಸಹಿ ಹಾಕಿದವರ ವಿಳಾಸ ಇರುತ್ತೆ. ಹಾಕಿದವಳು ಆ ತಾಯಿಯ ಅಕ್ಕ, ಬೇರೆ ಊರಿನವಳು. ಹೀಗೆ ಓಡಿದವಳು ಇನ್ನೆಲ್ಲಿಗೆ ಹೋಗುತ್ತಾಳೆ ಹೇಳು, ಅಕ್ಕನ ಮನೆ ಬಿಟ್ಟು.

ನಾನೊಂದು ಕೆಲಸ ಮಾಡಿದ್ದೇನೆ. ಒಂದು ದಪ್ಪ ನಿಘಂಟಿನ ರಟ್ಟು ಕಿತ್ತುಬಂದಿತ್ತು, ರಿಪೇರಿಗೆ ತೆಗೆದಿಟ್ಟಿದ್ದೆ. ಅರ್ಜಿಯನ್ನು ಮಡಿಸಿ ರಟ್ಟಿಗೂ ಅದರ ಒಳಮೈಯ ಅಸ್ತರು ಕಾಗದಕ್ಕೂ ನಡುವೆ ಇಟ್ಟು ಗೋಂದು ಹಾಕಿ ಅಂಟಿಸಿಬಿಟ್ಟೆ. ಭಾರ ಹೇರಿ ಒಣಗಿಸಿದೆ. ಈಗ ಅದು ಕಪಾಟಿನ ಮೇಲಿನ ಸಾಲಿನಲ್ಲಿದೆ. ಆದರೆ ಶುಕ್ರವಾರ ಮೇಡಂ ಮುಂದೆ ನಿಂತು ಏನು ಹೇಳಲಿ? ಕಳೆದುಹೋಯಿತು ಅಂದರೆ ಕೆಲಸ ಹೋಗುತ್ತೆ, ಇನ್ನೆರಡು ವರ್ಷ ಉಳಿದಿರುವುದು. ಕೊಟ್ಟರೆ ಏನಾಗುತ್ತೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ನಿನ್ನನ್ನು ಕೇಳಬಾರದು, ಆದರೂ ಕೇಳುತ್ತೇನೆ. ಮೂವತ್ತು ವರ್ಷದ ಹಿಂದೆ ನೀನು ಗಂಡನ ಮನೆ ಬಿಟ್ಟು ದೊಡ್ಡಮ್ಮನ ಹಿಂದಿನ ಕೋಣೆಯಲ್ಲಿ ಅಡಗಿದ್ದ ಆ ಹದಿನೇಳು ದಿನ, ಹೊರಗಿದ್ದ ನಮ್ಮಿಂದ ನಿನಗೆ ಏನು ಬೇಕಾಗಿತ್ತು? ಇದನ್ನು ಬಸ್ಸಿನವನ ಕೈಯಲ್ಲಿ ಕಳಿಸುತ್ತಿದ್ದೇನೆ, ಎರಡೇ ಸಾಲು ಬರೆದು ಅವನ ಕೈಯಲ್ಲೇ ಕಳಿಸು.

ನಿನ್ನ ಅಕ್ಕ


ಆಗಸ್ಟ್ ೩, ಶನಿವಾರ

ನನ್ನ ತಂಗಿಗೆ,

ನಿನ್ನ ಕಾಗದ ಬಸ್ಸಿನವನ ಕೈಯಲ್ಲಿ ಆ ಶುಕ್ರವಾರವೇ ಬೆಳಿಗ್ಗೆ ಕೈಸೇರಿತ್ತು. ಎರಡು ವಾರ ಆದರೂ ಉತ್ತರ ಬರೆಯಲಿಲ್ಲ, ಅದಕ್ಕೆ ಕಾರಣ ಇದೆ, ಕೊನೆಗೆ ಹೇಳುತ್ತೇನೆ. ನಿನ್ನ ನಾಲ್ಕು ಸಾಲು ನನಗೆ ಬಾಯಿಪಾಠ ಆಗಿದೆ. "ಹೇಳಬೇಡ. ಯಾರು ಎಷ್ಟು ಮೆತ್ತಗೆ ಕೇಳಿದರೂ ಹೇಳಬೇಡ. ಮೂಲೆಮನೆಯವಳು ಅವತ್ತು ಬಾಯಿ ಮುಚ್ಚಿಕೊಂಡಿದ್ದರೆ ನನಗೆ ಈ ಯಂತ್ರ ಬೇಕಾಗುತ್ತಿರಲಿಲ್ಲ. ನೀನು ಅವಳ ಹಾಗೆ ಆಗಬೇಡ ಅಕ್ಕ."

ಆ ಕಾಗದ ರವಿಕೆಯಲ್ಲಿಟ್ಟುಕೊಂಡೇ ಮೇಡಂ ಕೋಣೆಗೆ ಹೋದೆ. ಸುಳ್ಳು ಹೇಳಬೇಕು ಅಂತ ಹೋದವಳು, ಅವರ ಮುಖ ನೋಡಿ ಎಲ್ಲ ಹೇಳಿಬಿಟ್ಟೆ: ಎಲೆ, ಗಡಿಯಾರ, ಹಿಂದಿನ ಬಾಗಿಲು, ತಾಯಿಯ ಮಾತು. ಅವರು ಪೆನ್ನು ಮುಚ್ಚಿಟ್ಟು ಕೇಳಿದರು. ಆಮೇಲೆ ನಿಯಮದ ಪುಸ್ತಕ ತೆಗೆದರು. ಕೆಲಸ ಹೋಯಿತು ಅಂದುಕೊಂಡೆ. ಬೆರಳಿಟ್ಟು ಓದುತ್ತಾ ಓದುತ್ತಾ ಒಂದು ಕಡೆ ನಿಂತು, ಸದಸ್ಯರ ಅರ್ಜಿಯನ್ನು ಮೇಲಿನಿಂದ ಲಿಖಿತ ಆದೇಶ ಇಲ್ಲದೆ ಯಾರಿಗೂ ತೋರಿಸಕೂಡದು ಅಂತ ಗಟ್ಟಿಯಾಗಿ ಓದಿದರು. ಹುಡುಗಿಯ ಅಪ್ಪನನ್ನು ಕರೆಸಿ ಅದನ್ನೇ ಹೇಳಿದರು: ಆದೇಶ ತನ್ನಿ, ನೋಡೋಣ. ನನ್ನ ಮಗಳ ವಯಸ್ಸಿನ ಮೇಡಂ, ಧ್ವನಿ ಸ್ವಲ್ಪವೂ ಅಲುಗಲಿಲ್ಲ. ನಾನು ಇಷ್ಟು ದಿನ ಆ ಪುಸ್ತಕವನ್ನು ಬೈದುಕೊಂಡದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಅವರು ಹೋದ ಮೇಲೆ ಮೇಡಂ, ಈಗಲಾದರೂ ಅರ್ಜಿ ಎಲ್ಲಿದೆ ಹೇಳಿ ಅಂದರು. ನಿಘಂಟಿನ ರಟ್ಟಿನೊಳಗೆ ಅಂದೆ. "ಹಾಗಾದ್ರೆ ಆ ನಿಘಂಟನ್ನ ಯಾರಿಗೂ ಎರವಲು ಕೊಡ್ಬೇಡಿ" ಅಂದರು. ಬಂದ ಮೇಲೆ ಮೊದಲ ಸಲ ನಕ್ಕರು.

ಅಷ್ಟಕ್ಕೆ ಮುಗಿಯಲಿಲ್ಲ. ಆ ಅಪ್ಪ ಆದೇಶ ತರಲಿಲ್ಲ, ಆದರೆ ಬರುವುದನ್ನೂ ಬಿಡಲಿಲ್ಲ. ಸಾರ್ವಜನಿಕ ಗ್ರಂಥಾಲಯ, ಬರಬೇಡಿ ಅನ್ನಲು ಯಾವ ನಿಯಮದಲ್ಲೂ ಜಾಗ ಇಲ್ಲವಂತೆ. ದಿನಾ ನಾಲ್ಕಕ್ಕೆ ಆ ಕುಳ್ಳು ಕುರ್ಚಿ. ಮಕ್ಕಳು ಅವರ ಸುತ್ತ ಜಾಗ ಬಿಟ್ಟು ಕೂರುವುದನ್ನು ಕಲಿತವು. ನನಗೆ ಇನ್ನೊಂದು ಯೋಚನೆ. ಹುಡುಗಿ ಒಯ್ದ ಎರಡು ಪುಸ್ತಕದ ಅವಧಿ ಮುಗಿದಿತ್ತು. ಮಕ್ಕಳ ಪುಸ್ತಕ ಬಾರದಿದ್ದರೆ ಸಾಮಾನ್ಯವಾಗಿ ನನಗೆ ಸಿಟ್ಟು ಬರುತ್ತೆ. ಈ ಸಲ ಆ ಪುಸ್ತಕಗಳು ಎಲ್ಲಿ ಬಿದ್ದಿವೆಯೋ, ಅವನ್ನು ಹಿಡಿದ ಕೈ ಹೇಗಿದೆಯೋ ಅಂತ ಅಷ್ಟೇ. ರಸ್ತೆಯಲ್ಲಿ ಯಾವ ಮಗು ಜೋರಾಗಿ ಕೂಗಿದರೂ ಬಾಗಿಲಿಗೆ ಬಂದು ನೋಡುತ್ತಿದ್ದೆ. ಆ ಕಡೆ, ಈ ಕಡೆ.

ಇವತ್ತಿನ ವಿಷಯಕ್ಕೆ ಬರುತ್ತೇನೆ. ನಮ್ಮ ಯಾವ ಶಾಖೆಯಿಂದ ಒಯ್ದ ಪುಸ್ತಕವನ್ನೂ ಇನ್ನಾವ ಶಾಖೆಯಲ್ಲಾದರೂ ವಾಪಸು ಕೊಡಬಹುದು. ಹಾಗೆ ಬಂದವನ್ನು ಒಂದು ಚೀಲಕ್ಕೆ ಹಾಕಿ, ಎಲ್ಲಿ ಬಂತು ಅಂತ ಶಾಖೆಯ ಹೆಸರಿನ ಚೀಟಿ ಸಿಕ್ಕಿಸಿ ಶನಿವಾರ ಶನಿವಾರ ಗಾಡಿಯಲ್ಲಿ ಕಳಿಸುತ್ತಾರೆ. ನಾಲ್ಕೂವರೆಗೆ ಗೇಟಿನಣ್ಣ ಚೀಲ ತಂದು ನನ್ನ ಮೇಜಿನ ಮೇಲೆ ಸುರಿದ. ಹನ್ನೊಂದು ಪುಸ್ತಕ. ಏಳನೆಯದೂ ಎಂಟನೆಯದೂ ಅವಳವು.

ಅವರು ಹತ್ತು ಹೆಜ್ಜೆ ಆಚೆ ಕೂತಿದ್ದರು.

ಪುಸ್ತಕ ಅವರಿಗೆ ಕಾಣದಿರಲಿ ಅಂತ ಮೊಣಕೈ ಮೇಜಿಗೆ ಊರಿದೆ. ಅವಳ ಹಾಗೇ, ಕೊನೆಯ ಪುಟ ತೆರೆದೆ. ಅಲ್ಲಿ ನನ್ನ ಹಸಿರು ಎಲೆ. ಹೆಸರು ಬರೆದಿದ್ದ ಜಾಗವನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿ ತೆಗೆದಿದ್ದಾಳೆ, ಅಲ್ಲೊಂದು ಕಿಂಡಿ. ಸಂಖ್ಯೆ ಮಾತ್ರ ಬಿಟ್ಟಿದ್ದಾಳೆ. ನಾನು ಬರೆದ ನಲವತ್ತಕ್ಕೆ ಗೀಟು ಹಾಕಿ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ನಲವತ್ತೆರಡು ಅಂತ ಬರೆದಿದ್ದಾಳೆ. ಓಡುವ ಗಡಿಬಿಡಿಯಲ್ಲೂ ಎರಡನ್ನೂ ಓದಿ ಮುಗಿಸಿದ್ದಾಳೆ ಕಣೆ.

ಎರಡೂ ಪುಸ್ತಕದಲ್ಲಿ ಶಾಖೆಯ ಚೀಟಿ ಇತ್ತು. ಆ ಹೆಸರು ಓದಿದೆ. ಅಂದರೆ ಈಗ ನನಗೆ ಗೊತ್ತು. ಅವರು ಎದ್ದು ಬರುತ್ತಿರುವ ಸದ್ದು ಕೇಳಿಸಿತು. ಎರಡು ಚೀಟಿಯನ್ನೂ ಮುದ್ದೆ ಮಾಡಿ ಗೋಂದಿನ ಡಬ್ಬಿಗೆ ಹಾಕಿ ಕಡ್ಡಿಯಿಂದ ಅದುಮಿದೆ. ನಮ್ಮದೇ ಮೊಹರು ತೆಗೆದು, 'ಇಲ್ಲೇ ವಾಪಸಾಯಿತು' ಅಂತ ಬೇರೆ ದಿನಾಂಕದಲ್ಲಿ ಹೊಡೆದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನ ಕೈಯಿಂದ ಒಂದು ಸುಳ್ಳು ಮೊಹರು ಬಿದ್ದಿರಲಿಲ್ಲ.

ಮೇಜಿಗೆ ಕೈ ಊರಿ, ಯಾವತ್ತಿನ ಹಾಗೇ ಮೆತ್ತಗೆ, "ನನ್ನ ಮಗಳದು ಏನಾದ್ರೂ ಬಂತಾಮ್ಮ? ಹುಷಾರಾಗಿದ್ದಾಳೆ ಅಂತ ತಿಳಿದ್ರೆ ಸಾಕು ನನಗೆ" ಅಂದರು.

ಆ ಮಾತು ನಾನು ಹಿಂದೆಯೂ ಒಮ್ಮೆ ಕೇಳಿದ್ದೆ. ಎಲ್ಲಿ ಅಂತ ಕೆಳಗೆ ಬರೆಯುತ್ತೇನೆ.

"ಇಲ್ಲ" ಅಂದೆ. ಇನ್ನೊಂದು ಮಾತು ಸೇರಿಸಲಿಲ್ಲ. ಮಾತು ಜಾಸ್ತಿಯಾಗುವುದೇ ನನ್ನ ರೋಗ, ನಿನಗೆ ಗೊತ್ತು. ಅವರು ನನ್ನ ಮುಖ ನೋಡಿದರು, ಪುಸ್ತಕದ ರಾಶಿ ನೋಡಿದರು. ನಾನು ಒಂಬತ್ತನೆಯ ಪುಸ್ತಕ ತೆಗೆದು ಮೊಹರು ಹೊಡೆದೆ, ಹತ್ತನೆಯದಕ್ಕೂ ಹೊಡೆದೆ. ಹೋದರು. ಸೋಮವಾರ ಮತ್ತೆ ಬರಬಹುದು. ಬಂದರೆ ಮತ್ತೆ ಇಲ್ಲ ಅನ್ನುತ್ತೇನೆ.

ಆ ಶಾಖೆಯ ಹೆಸರನ್ನು ನಿನಗೂ ಬರೆಯುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಗೋಡೆಯ ಮರದಲ್ಲಿದ್ದ ಎಲೆಗಳನ್ನೆಲ್ಲ ಇವತ್ತು ಕಿತ್ತೆ. ಇನ್ನು ಮೇಲೆ ಎಲೆಯ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ. ಅವರವರ ಎಲೆ ಅವರವರಿಗೆ ಗೊತ್ತಿರುತ್ತೆ. ಕಿಂಡಿಯ ಎಲೆಯನ್ನು ಮಾತ್ರ ಯಾವ ಮರಕ್ಕೂ ಅಂಟಿಸಲಿಲ್ಲ, ನನ್ನ ಖಾನೆಯಲ್ಲಿ ನಿನ್ನ ಕಾಗದಗಳ ಜೊತೆ ಇಟ್ಟಿದ್ದೇನೆ.

ನಿನ್ನ ಮನೆಯವರೆಲ್ಲ ನಗುನಗುತ್ತಾ ಇರಲಿ. ನಿನ್ನ ಸೊಸೆಗೆ ಹೇಳು, ದೊಡ್ಡತ್ತೆಗೆ ಈ ತಿಂಗಳು ಸ್ವಲ್ಪ ದಣಿವಾಯಿತು ಅಂತ. ನಿನ್ನ ಹೊಟ್ಟೆ ತಂಪಾಗಿರಲಿ, ಕಣ್ಣು ತುಂಬ ನಿದ್ದೆ ಬರಲಿ.

ನಿನ್ನ ಅಕ್ಕ

ಮತ್ತೆ: ಮೂಲೆಮನೆ ಅತ್ತೆ ಹೇಳಲಿಲ್ಲ. ನಾನು ಹೇಳಿದೆ.

ನೀನು ಪೆಟ್ಟಿಗೆ ಹಿಡಿದು ದೊಡ್ಡಮ್ಮನ ಮನೆಗೆ ಹೊರಟಾಗ ಅತ್ತೆ ರಸ್ತೆಯಲ್ಲಿ ನಿಂತಿದ್ದರು, ನೀನು ಅಷ್ಟನ್ನೇ ಹಿಡಿದುಕೊಂಡೆ. ನಾನು ಬಿಡಿಸಲಿಲ್ಲ. ಹದಿನಾರನೆಯ ದಿನ ಅಮ್ಮ ಮನೆಯಲ್ಲಿರಲಿಲ್ಲ. ನಿನ್ನ ಗಂಡ ಬಂದರು. ಜೋರು ಮಾಡಲಿಲ್ಲ, ನೀರು ಕೇಳಿದರು. ಕುಡಿದು ಲೋಟ ತಾವೇ ತೊಳೆದು ಬೋರಲು ಹಾಕಿದರು. ಲೋಟ ತೊಳೆದಿಡುವ ಗಂಡಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. "ಹುಷಾರಾಗಿದ್ದಾಳೆ ಅಂತ ತಿಳಿದ್ರೆ ಸಾಕು ನನಗೆ" ಅಂದರು. ದೊಡ್ಡಮ್ಮನ ಮನೆಯಲ್ಲಿ ಚೆನ್ನಾಗಿದ್ದಾಳೆ ಅಂದೆ. ಮರುದಿನ ನಿನ್ನನ್ನು ಕರೆದುಕೊಂಡು ಹೋದರು. ಆ ತಿಂಗಳಲ್ಲೇ ನಿನ್ನ ಕಿವಿಗೆ ಪೆಟ್ಟು ಬಿದ್ದದ್ದು.

ನಿನ್ನ ಗಂಡ ತೀರಿಕೊಂಡ ಮೇಲಾದರೂ ಹೇಳಬೇಕಿತ್ತು. ಅದಾಗಿಯೂ ಆರು ವರ್ಷ ಆಯಿತು. ಹೋದ ವರ್ಷ ಮೂಲೆಮನೆ ಅತ್ತೆ ಹಾಸಿಗೆ ಹಿಡಿದಾಗ ನನ್ನ ಕೈ ಹಿಡಿದುಕೊಂಡು, "ನಿನ್ನ ತಂಗಿಗೆ ನನ್ನ ಮೇಲೆ ಯಾಕೆ ಕೋಪ, ನಾನೇನು ಮಾಡಿದೆ" ಅಂತ ಕೇಳಿದರು. "ಅವಳ ಸ್ವಭಾವವೇ ಹಾಗೆ ಅತ್ತೆ" ಅಂದೆ. ನಿನ್ನ ಹೆಸರು ಕೆಡಿಸಿ ನನ್ನದು ಉಳಿಸಿಕೊಂಡೆ. ನಾಲ್ಕು ದಿನಕ್ಕೆ ಅವರು ಹೋದರು.

ಕೊನೆಪುಟ ಆಗಿದ್ದರೆ ಮೊದಲು ಇದನ್ನೇ ಓದಿ, ಈ ಕಾಗದ ಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತಿದ್ದಳು. ನೀನು ಪಾಪ, ಮೊದಲಿಂದ ಓದಿಕೊಂಡು ಬಂದೆ.

ಉತ್ತರ ಬರೆಯಲೇಬೇಕು ಅಂತೇನಿಲ್ಲ. ಯಂತ್ರ ಮಾತ್ರ ಬಿಚ್ಚಿಡಬೇಡ.